ಶಾಲೆಯ ದಾರಿಯೂ ಸಂಘದ ಕೆಲಸವೇ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಸಾರಾಂಶ)



ಬೀಜ, ಗೊಬ್ಬರ, ಸಾಲದ ವಿಷಯ ಹಿರಿಯರು ಹೇಳಿದ್ದಾರೆ. ನಾನು ಮಕ್ಕಳ ಶಾಲೆಯ ದಾರಿಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಎಷ್ಟೋ ಹಳ್ಳಿಗಳಲ್ಲಿ ಏಳನೇ ತರಗತಿ ಮುಗಿದರೆ ಹೈಸ್ಕೂಲಿಗೆ ಪಕ್ಕದೂರಿಗೆ ಹೋಗಬೇಕು. ಗಂಡು ಹುಡುಗ ಹ್ಯಾಂಗರ ಮಾಡಿ ಹೋಗ್ತಾನ. ಹೆಣ್ಣು ಹುಡುಗಿಗೆ ಮಾತ್ರ "ದೂರ ಆಗ್ತದ, ಸಾಕು ಬಿಡವ್ವಾ" ಅಂತೀವಿ. ಆಕಿ ಭತ್ತದ ನಾಟಿಗೆ, ಹತ್ತಿ ಬಿಡಿಸಲಿಕ್ಕೆ ಹೋಗ್ತಾಳ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಆ ಮಾತಿಗೆ ಉತ್ತರ ಸಿಕ್ಕಿತ್ತು. 2020ರಲ್ಲಿ ಕೊರೊನಾ ಬಂದ ಮೇಲೆ ವಿತರಣೆ ನಿಂತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ ಪುಕ್ಕಟೆ ಆಯಿತು. ಬಸ್ಸೇ ಬಾರದ ಊರಿಗೆ ಪುಕ್ಕಟೆ ಟಿಕೆಟ್ ಏನು ಮಾಡ್ತದ್ರೀ?

ಸೈಕಲ್ ಇದ್ದರೂ ಸಾಲದು. ಮಳೆ ಬಿದ್ದರೆ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ತಿರುಗುವುದಿಲ್ಲ. ಸೈಕಲ್ಲನ್ನೇ ಹೊತ್ತು ನಡೀಬೇಕು. ಬೇಸಿಗೆಗೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಪಂಕ್ಚರ್. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ನಾವೇ ಭತ್ತ ಹರವಿರ್ತೀವಿ; ಮಕ್ಕಳು ಟ್ರ್ಯಾಕ್ಟರಿನ ಕಡೆ ಸರೀಬೇಕು.

ನನ್ನ ಕೋರಿಕೆ ಮೂರು. ಸಂಘದ ಗೋದಾಮಿನ ಕಟ್ಟೆಯ ಮೇಲೆ ಒಂದು ಗಾಳಿ ಪಂಪು, ಪಂಕ್ಚರ್ ಸಾಮಾನು ಇಡೋಣ. ಶಾಲೆ ಶುರುವಾಗುವ ಮುಂಚೆ ದಾರಿ ಬದಿಯ ಜಾಲಿ ಕಡಿಸೋಣ. ಸದಸ್ಯರ ಹೆಣ್ಣುಮಕ್ಕಳ ಸೈಕಲ್ಲಿಗೆ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡೋಣ. ಎತ್ತಿಗೆ ಸಾಲ ಕೊಟ್ಟ ಸಂಘ, ಮಗಳ ಸೈಕಲ್ಲಿಗೆ ಇಲ್ಲ ಅನ್ನಬಾರದು.

ಜೈ ಸಹಕಾರ.