ಶಿಖರದ ರಿಪೀಟರಿಗೆ ಕಿವಿ ಕೊಡುವ ಡ್ಯುಪ್ಲೆಕ್ಸರ್

(ಮಳೆಗಾಲದ ಸಂಪರ್ಕ ವ್ಯವಸ್ಥೆಯನ್ನು ಕುರಿತು ನಡೆದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು. ಇಂಥ ಹೊತ್ತಿನಲ್ಲಿ ವಿದ್ಯುತ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಗೋಪುರವೂ ಮೌನವಾಗುತ್ತದೆ. ಆದ್ದರಿಂದ ನಮ್ಮ ಕಣಿವೆಗಳಿಗೊಂದು ಹ್ಯಾಮ್ ರೇಡಿಯೋ ರಿಪೀಟರ್ ಬೇಕೆಂಬ ವಿಚಾರ ಈ ಸಭೆಯ ಮುಂದಿದೆ. ಬಳಸುವವರು ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು, ರಿಪೀಟರಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಆ ವಿಷಯವನ್ನು ಬೇರೆ ದಿನ ಮಾತಾಡೋಣ. ಇಂದು ನಾನು ಹೇಳಬಂದಿರುವುದು, ಕೂಡಿಸಿದ ಹಣವನ್ನು ಯಾವುದಕ್ಕೆ ಸುರಿಯಬೇಕು ಎಂಬುದನ್ನು.

ರಿಪೀಟರ್ ಒಂದು ತರಂಗಾಂತರದಲ್ಲಿ ಕೇಳುತ್ತದೆ, ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ಕೂಗಿ ಹೇಳುತ್ತದೆ. ಉದಾಹರಣೆಗೆ 145.0 ಮೆಗಾಹರ್ಟ್ಸ್‌ನಲ್ಲಿ ಕೇಳಿ 145.6ರಲ್ಲಿ ಹೇಳುವುದು. ಇವೆರಡರ ನಡುವಿನ ಅಂತರ 600 ಕಿಲೋಹರ್ಟ್ಸ್ ಮಾತ್ರ. ಕೂಗುವ ಶಕ್ತಿ 50 ವ್ಯಾಟ್ ಎಂದುಕೊಳ್ಳಿ. ಕಣಿವೆಯಾಚೆಯ ಕೈರೇಡಿಯೋದಿಂದ ಬರುವ ಕ್ಷೀಣ ಸಂಕೇತವಾದರೋ, ಒಂದು ವ್ಯಾಟನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು. ತನ್ನದೇ ಕೂಗಿನಲ್ಲಿ ರಿಪೀಟರ್ ಕಿವುಡಾಗದಿರಲು ಸುಮಾರು 85 ಡೆಸಿಬೆಲ್, ಅಂದರೆ ಮೂವತ್ತು ಕೋಟಿ ಪಟ್ಟಿಗೂ ಮಿಕ್ಕ ಪ್ರತ್ಯೇಕತೆ ಬೇಕು.

ಎರಡು ಆಂಟೆನಾಗಳನ್ನು ಒಂದರ ಮೇಲೊಂದು ಕಟ್ಟಿಯೂ ಇದನ್ನು ಸಾಧಿಸಬಹುದು. ಆದರೆ ಅವುಗಳ ನಡುವೆ 50 ಮೀಟರ್ ಆಸುಪಾಸಿನ ಅಂತರ ಬೇಕಾಗುತ್ತದೆ. ಶೋಲಾ ಕಾಡಿನ ನೆತ್ತಿಯಲ್ಲಿ ಅಷ್ಟೆತ್ತರದ ಗೋಪುರವೆಂದರೆ ಅದಕ್ಕೆ ಬುನಾದಿ, ಬುನಾದಿಗೆ ಕಾಂಕ್ರೀಟು, ಕಾಂಕ್ರೀಟಿಗೆ ರಸ್ತೆ. ಜಾರುವ ಗುಡ್ಡದ ಸುದ್ದಿ ಮುಟ್ಟಿಸಲೆಂದು ಗುಡ್ಡವನ್ನೇ ಕಡಿಯುವ ಕೆಲಸ ನಮಗೆ ಬೇಡ. ಡ್ಯುಪ್ಲೆಕ್ಸರ್ ಇದ್ದರೆ ಒಂದೇ ಆಂಟೆನಾ, ಒಂದು ಸಣ್ಣ ಕಂಬ ಸಾಕು.

ಆದರೆ ಯಾವ ಡ್ಯುಪ್ಲೆಕ್ಸರ್? ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ, ಊಟದ ಡಬ್ಬಿಯಷ್ಟು ಚಪ್ಪಟೆಯಾದ ಆರು ಕೋಶಗಳ ಪೆಟ್ಟಿಗೆಯನ್ನು ಕಂಡು ಮಾರುಹೋಗಬೇಡಿ. ಕೇಳುವ, ಹೇಳುವ ತರಂಗಾಂತರಗಳು ಹಲವು ಮೆಗಾಹರ್ಟ್ಸ್ ದೂರವಿರುವ ವ್ಯವಸ್ಥೆಗಳಿಗಾಗಿ ಅದನ್ನು ಮಾಡಿರುತ್ತಾರೆ. ಎಷ್ಟೇ ತಿರುಪು ತಿರುಗಿಸಿದರೂ 600 ಕಿಲೋಹರ್ಟ್ಸ್ ಅಂತರಕ್ಕೆ ಅದು ಒಗ್ಗದು. ನಮಗೆ ಬೇಕಾದುದು ಅರ್ಧ ಮೀಟರಿಗೂ ಮಿಕ್ಕು ಎತ್ತರದ, ಉರುಟು ಡಬ್ಬಗಳಂಥ ದೊಡ್ಡ ಕ್ಯಾವಿಟಿಗಳು. ತನ್ನ ತರಂಗಾಂತರವನ್ನು ಒಳಬಿಟ್ಟು ಎದುರಿನದನ್ನು ತಡೆಯುವ ಬಗೆಯವು. ಒಳಗಿನ ಕಡ್ಡಿ ಇನ್ವಾರ್ ಲೋಹದ್ದೇ ಎಂದು ಕೇಳಿ. ಆ ಲೋಹ ಬಿಸಿಲಿಗೆ ಹಿಗ್ಗುವುದು, ಚಳಿಗೆ ಕುಗ್ಗುವುದು ತೀರ ಅಲ್ಪ. ಹಗಲು ಕುದಿದು ರಾತ್ರಿ ನಡುಗುವ ಗುಡಿಸಲಲ್ಲಿ ಹೊಂದಾಣಿಕೆ ನಿಲ್ಲುವುದು ಇದರಿಂದಲೇ. ಹೊಂದಾಣಿಕೆಯನ್ನು ಮಾರುವವರಿಂದಲೇ ಮಾಡಿಸಿ, ಅಳತೆಯ ನಕ್ಷೆಯನ್ನು ಪಡೆಯಿರಿ. ಅಂಗೈಯಗಲದ ಅಗ್ಗದ ಅನಲೈಸರುಗಳು ಸ್ಥೂಲ ಪರೀಕ್ಷೆಗೆ ಸರಿ, ಅಷ್ಟು ಆಳದ ತಡೆಯನ್ನು ಅಳೆಯಲು ಸಾಲವು.

ಇದರಲ್ಲಿ ಒಂದೂವರೆ ಡೆಸಿಬೆಲ್ ನಷ್ಟವಾಗುತ್ತದಲ್ಲ, 50 ವ್ಯಾಟ್ 35ಕ್ಕೆ ಇಳಿಯುತ್ತದಲ್ಲ ಎಂದು ಕೆಲವರು ಮರುಗುತ್ತಾರೆ. ಮರುಗಬೇಕಿಲ್ಲ. ನಮ್ಮ ಕೈರೇಡಿಯೋಗಳ ಶಕ್ತಿ 5 ವ್ಯಾಟ್. ಅವು ಮುಟ್ಟಲಾಗದ ದೂರಕ್ಕೆ ರಿಪೀಟರ್ ಕೂಗಿ ಫಲವೇನು? ನನ್ನ ಮತದಲ್ಲಿ 10 ವ್ಯಾಟ್ ಸಾಕು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಸೌರಫಲಕ, ಬ್ಯಾಟರಿಗಳಿಗೂ ಅದೇ ಹಿತ.

ಒಳ್ಳೆಯ ಡ್ಯುಪ್ಲೆಕ್ಸರ್ ತಂದು ತೆಳು ಕೇಬಲ್ಲಿನಿಂದ ಜೋಡಿಸಿದರೆ ಹಣ ನೀರಿಗೆ ಹಾಕಿದಂತೆ. ಪೆಟ್ಟಿಗೆಯೊಳಗಿನ ತುಂಡು ಕೇಬಲ್ಲುಗಳಿಗೆ ಎರಡು ಪದರ ಹೆಣಿಗೆಯ ಆರ್‌ಜಿ-214 ಅಥವಾ ಆರ್‌ಜಿ-400 ಇರಲಿ. ಒಂದೇ ಪದರದ ಆರ್‌ಜಿ-58ರಲ್ಲಿ ಸಂಕೇತ ಸೋರುತ್ತದೆ. ಆಂಟೆನಾಕ್ಕೆ ಅದನ್ನೇ 30 ಮೀಟರ್ ಎಳೆದರೆ ಶಕ್ತಿಯ ಸುಮಾರು ಮುಕ್ಕಾಲು ಪಾಲು ದಾರಿಯಲ್ಲೇ ಕರಗುತ್ತದೆ. ಅಲ್ಲಿಗೆ ಅರ್ಧ ಇಂಚಿನ ಗಟ್ಟಿ ಕೇಬಲ್ ಬೇಕು. ಕನೆಕ್ಟರುಗಳು ಎನ್ ಮಾದರಿಯವು, ಹೊರಗಿನ ಪ್ರತಿ ಜೋಡಣೆಗೂ ನೀರು ಹೋಗದಂತೆ ರಬ್ಬರ್ ಪಟ್ಟಿ. ಮಲೆನಾಡಿನ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ ಎಂಬುದು ನಿಮಗೆ ತಿಳಿದದ್ದೇ. ಸಿಡಿಲು ನಿರೋಧಕವನ್ನು ಕೇಬಲ್ ಗೋಡೆ ಹೊಗುವಲ್ಲಿಯೇ ಕೂರಿಸಬೇಕು. ಏಪ್ರಿಲಿನ ಗುಡುಗಿನ ಹೊತ್ತಿಗೆ ನೆತ್ತಿಯ ಕಲ್ಲುನೆಲ ಒಣಗಿರುವುದರಿಂದ ಭೂಸಂಪರ್ಕಕ್ಕೆ ಒಂದು ಸಲಾಕೆ ಸಾಲದು. ಹಲವನ್ನು ನೆಟ್ಟು ಒಂದಕ್ಕೊಂದು ಬೆಸೆಯಬೇಕು.

ಜೋಡಿಸಿದ ಮೇಲಿನ ಪರೀಕ್ಷೆ ಸುಲಭ, ವಿದ್ಯಾರ್ಥಿಗಳೇ ಮಾಡಬಹುದು. ಒಬ್ಬರು ದೂರದ ತಗ್ಗಿನಿಂದ ಕ್ಷೀಣವಾಗಿ ಮಾತಾಡಲಿ. ಶಿಖರದಲ್ಲಿರುವವರು ಪರವಾನಗಿದಾರರೊಡನೆ ರಿಪೀಟರಿನ ಪ್ರೇಷಕವನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಚಾಲೂ ಮಾಡಿ ಗ್ರಾಹಕವನ್ನು ಆಲಿಸಲಿ. ಚಾಲೂ ಇದ್ದಾಗ ಮಾತ್ರ ಗೊರಗೊರ ಹೆಚ್ಚಿದರೆ ಎಲ್ಲೋ ಸೋರಿಕೆಯಿದೆ. ಆಗ ಆಂಟೆನಾ ಬಿಚ್ಚಿ ಅಲ್ಲಿ ಡಮ್ಮಿ ಲೋಡ್ ಹಾಕಿ, ಕ್ಷೀಣ ಸಂಕೇತವನ್ನು ಹತ್ತಿರದಿಂದ ಕೊಟ್ಟು ಮತ್ತೆ ಆಲಿಸಿ. ಗೊರಗೊರ ನಿಂತರೆ ದೋಷ ಆಂಟೆನಾದ ಕಡೆಯದು, ನಿಲ್ಲದಿದ್ದರೆ ಡ್ಯುಪ್ಲೆಕ್ಸರ್ ಅಥವಾ ತುಂಡು ಕೇಬಲ್ಲುಗಳದ್ದು. ಈ ಪರೀಕ್ಷೆ ಪ್ರತಿವರ್ಷ ಮೇ ಮುಗಿಯುವುದರೊಳಗೆ ಆಗಬೇಕು, ಜೂನ್ ಹಿಡಿದರೆ ಜಿಗಣೆಯ ದಾರಿಯಲ್ಲಿ ಏಣಿ ಹೊತ್ತು ಹತ್ತಲಾಗದು. ಹೋಗುವವರು ಇಂದೇ ಹೆಸರು ಬರೆಸಿರಿ.