ಕೃಷಿ ಪದವಿಗೆ ಅಂಕವೂ ಬೇಕು, ಕಾಗದವೂ ಬೇಕು
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಸಾರ)



1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಇರುವುದೇ ರೈತರಿಗಾಗಿ. ಆದರೂ "ನಮ್ಮ ಮಕ್ಕಳಿಗೆ ಅಲ್ಲೆಲ್ಲಿ ಸೀಟು ಸಿಕ್ಕೀತು?" ಅಂತ ನಾವೇ ಕೈಚೆಲ್ಲುತ್ತೇವೆ.

ಬಿ.ಎಸ್ಸಿ. ಕೃಷಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಸಿ.ಇ.ಟಿ. ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ. ಹೊಲದಲ್ಲಿ ಓಡಾಡಿದ ಮಗುವಿಗೆ ಅದೇನು ಕಷ್ಟ? 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯೂ ಇದೆ.

ಆದರೆ ಅರ್ಜಿಯಲ್ಲಿ ಕೇಳದಿದ್ದರೆ, ಪ್ರಮಾಣಪತ್ರ ಇಲ್ಲದಿದ್ದರೆ ಇದ್ಯಾವುದೂ ದಕ್ಕದು. ಕೊನೇ ದಿನ ಕಚೇರಿಗೆ ಓಡೋದು ಬೇಡ. ಸಾಲದ ಕಂತಿನ ತಾರೀಕು ನೆನಪಿಡುವ ನಾವು ಅರ್ಜಿಯ ತಾರೀಕನ್ನೂ ನೆನಪಿಡೋಣ, ಹೆಣ್ಣುಮಕ್ಕಳನ್ನೂ ಕಳಿಸೋಣ.