ಇನ್ನೊಂದೇ ಸಹಿ ಬಾಕಿ: ‘ಲಾಸ್ಟ್ ಮ್ಯಾನ್ ಇನ್ ಟವರ್’

ಇವತ್ತಿನ ಪುಸ್ತಕ ಅರವಿಂದ ಅಡಿಗ ಅವರ ‘ಲಾಸ್ಟ್ ಮ್ಯಾನ್ ಇನ್ ಟವರ್’. ಮಂಗಳೂರಿನಲ್ಲಿ ಬೆಳೆದ ಅಡಿಗ, 2008ರಲ್ಲಿ ‘ದಿ ವೈಟ್ ಟೈಗರ್’ಗೆ ಬೂಕರ್ ಪಡೆದವರು. ಇದು ಬಂದಿದ್ದು 2011ರಲ್ಲಿ. ಕಥೆಯ ಕೊನೆಯನ್ನೂ ಹೇಳ್ತೀನಿ. ಓದಬೇಕು ಅಂತಿರೋರು ಇಲ್ಲೇ ಪಾಸ್ ಮಾಡಿಬಿಡಿ.

ಜಾಗ ಮುಂಬೈನ ವಕೋಲಾ. ವಿಶ್ರಾಮ್ ಸೊಸೈಟಿ ಅನ್ನೋ ಹಳೇ ಕಟ್ಟಡ. ಧರ್ಮೇನ್ ಶಾ ಅನ್ನೋ ಬಿಲ್ಡರ್ ಬಂದು, ಮಾರ್ಕೆಟ್ ರೇಟಿಗಿಂತ ತುಂಬಾ ಹೆಚ್ಚು ಕೊಡ್ತೀನಿ ಅಂತಾನೆ. ಷರತ್ತು ಎರಡೇ: ಎಲ್ಲರೂ ಸಹಿ ಹಾಕಬೇಕು, ಗಡುವಿನೊಳಗೆ ಹಾಕಬೇಕು. ಎಲ್ಲರೂ ‘ಮಾಸ್ಟರ್‌ಜಿ’ ಅಂತ ಕರೆಯೋ ನಿವೃತ್ತ ಮೇಷ್ಟ್ರು ಒಲ್ಲೆ ಅಂತಾರೆ. ಮೊದಲಿಗೆ ಅದು ಗೆಳೆಯರಾದ ಪಿಂಟೋ ದಂಪತಿಗೋಸ್ಕರ. ಕಣ್ಣು ಕಾಣದ ಮಿಸೆಸ್ ಪಿಂಟೋಗೆ ಆ ಕಟ್ಟಡ ಬಿಟ್ಟು ಬೇರೆಡೆ ಓಡಾಡೋದೇ ಕಷ್ಟ. ಆಮೇಲೆ ಪಿಂಟೋಗಳೇ ಒಪ್ಪಿಬಿಡ್ತಾರೆ. ಆದರೂ ಮೇಷ್ಟ್ರು ಕದಲಲ್ಲ. ತೀರಿಹೋದ ಹೆಂಡತಿ, ಮಗಳ ನೆನಪೆಲ್ಲ ಆ ಮನೆಯಲ್ಲೇ ಇದೆ.

ಭ್ರಷ್ಟಾಚಾರ ಅಂದ್ರೆ ನಮಗೆ ಮೊದಲು ಹೊಳೆಯೋದು ಮೇಜಿನ ಕೆಳಗಿನ ಕವರ್. ಅಡಿಗ ತೋರಿಸೋದು ಬೇರೆ ಥರದ್ದು. ‘ಎಲ್ಲರೂ ಸಹಿ ಹಾಕಬೇಕು’ ಅನ್ನೋ ಷರತ್ತು ನೋಡೋಕೆ ನ್ಯಾಯವಾಗೇ ಇದೆ. ಅದಕ್ಕೆ ದೊಡ್ಡ ಮೊತ್ತ, ಕೊನೇ ದಿನಾಂಕ ಸೇರಿಸಿ ನೋಡಿ. ಒಬ್ಬರು ಬೇಡ ಅಂದ್ರೆ ಉಳಿದವರ ಕೋಟಿ ಹೋಯ್ತು. ಬಿಲ್ಡರ್ ಕಡೆಯವರು ಹೆದರಿಸ್ತಾರೆ, ನಿಜ. ಆದರೆ ಕೊನೆಗೆ ಆ ಕೆಲಸವನ್ನ ಪಕ್ಕದ ಮನೆಯವರೇ ವಹಿಸಿಕೊಳ್ತಾರೆ. ಮೊದಲು ಮಾತು ಬಿಡ್ತಾರೆ. ಆಮೇಲೆ ಬಾಗಿಲಿಗೆ ಹೊಲಸು ಬಳೀತಾರೆ. ಮೇಷ್ಟ್ರು ವಕೀಲರ ಹತ್ತಿರ, ಪೊಲೀಸರ ಹತ್ತಿರ ಹೋಗ್ತಾರೆ, ಹಳೇ ಶಿಷ್ಯರನ್ನ ನಂಬ್ತಾರೆ. ಯಾರೂ ಆಗಲ್ಲ. ಸ್ವಂತ ಮಗನೂ ದುಡ್ಡಿನ ಪರ. ಕೊನೆಗೆ ನೆರೆಹೊರೆಯವರೇ ಅವರನ್ನ ಟೆರೇಸ್ ಮೇಲಿಂದ ತಳ್ತಾರೆ, ಅದು ಆತ್ಮಹತ್ಯೆ ಅಂತ ಆಗಿಬಿಡುತ್ತೆ.

ಇವರೇನು ರಾಕ್ಷಸರಲ್ಲ. ಮಿಸೆಸ್ ಪುರಿಯ ಮಗನಿಗೆ ಡೌನ್ ಸಿಂಡ್ರೋಮ್. ತಾವು ಹೋದ ಮೇಲೆ ಅವನನ್ನ ಯಾರು ನೋಡ್ಕೋತಾರೆ ಅನ್ನೋ ಭಯ ಸುಳ್ಳಲ್ಲ. ಓದುವಾಗ ನಾವೇ ಒಂದು ಕ್ಷಣ ‘ಮೇಷ್ಟ್ರೇ, ಸಹಿ ಹಾಕಿಬಿಡಿ’ ಅಂತೀವಿ. ಅಲ್ಲೇ ಕಾದಂಬರಿ ನಮ್ಮನ್ನೂ ಆ ಗುಂಪಿಗೆ ಸೇರಿಸಿಬಿಡುತ್ತೆ.

ನಿಜವಾದ ಮಹಾರಾಷ್ಟ್ರದಲ್ಲಿ ಈಗ ಒಬ್ಬರ ‘ಬೇಡ’ಕ್ಕೆ ಅಷ್ಟು ಬಲ ಇಲ್ಲ. 2019ರ ಸರ್ಕಾರಿ ಆದೇಶದ ಪ್ರಕಾರ ಸೊಸೈಟಿ ಮರುಅಭಿವೃದ್ಧಿಗೆ ಶೇ 51ರಷ್ಟು ಒಪ್ಪಿಗೆ ಸಾಕು. ಸೋರೋ ಕಟ್ಟಡದಲ್ಲಿ ಜೀವ ಕೈಯಲ್ಲಿಟ್ಟುಕೊಂಡು ಇರೋರಿಗೆ ಇದು ಬೇಕಿತ್ತು, ಒಪ್ತೀನಿ. ಆದರೆ ಉಳಿದ ಶೇ 49ರೊಳಗೆ ಒಬ್ಬ ಮಾಸ್ಟರ್‌ಜಿ ಇದ್ದರೆ, ಅವರ ಮಾತು ಕೇಳಿಸಿಕೊಳ್ಳೋದು ಯಾರ ಕೆಲಸ? ಅದು ಯಾವ ಆದೇಶದಲ್ಲೂ ಬರಲ್ಲ. ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಥಂಬ್ಸ್ ಅಪ್ ಒತ್ತಿ, ಒಬ್ಬರು ಮಾತ್ರ ‘ಒಂದ್ನಿಮಿಷ’ ಅಂದಾಗ ಅವರನ್ನ ನೆನಪಿಸ್ಕೊಳ್ಳಿ.

ಮುಂದಿನ ವಾರ ಸಿಗೋಣ.